ಎರಡೇ ಸ್ಕ್ರೂ, ಹನ್ನೆರಡು ಸಾವಿರ ವೋಲ್ಟ್: ಎಡಿಎಂ-3ಎ ಬಿಚ್ಚಿದವಳ ಅಭಿಪ್ರಾಯ

ಎಡಿಎಂ-3ಎ ಎಂಬ ಹಳೆಯ ಕಂಪ್ಯೂಟರ್ ಟರ್ಮಿನಲ್ಲಿನ ಅಂದವನ್ನು ಹೊಗಳುವವರಿಗೆ ಬರವಿಲ್ಲ. ದುಂಡನೆಯ ಮೈ, ನೀಲಿ ಬಣ್ಣ, ಕೂತವರ ಕೈಗೆ ತಾನಾಗಿ ಬಂದು ಸೇರುವಂಥ ಕೀಲಿಮಣೆ. ಹೊಗಳಲಿ, ನನ್ನದೇನೂ ತಕರಾರಿಲ್ಲ. ನಾನು ಹೇಳಹೊರಟಿರುವುದು ಅದರ ಹೊಟ್ಟೆಯ ವಿಷಯ. ಕೆಟ್ಟರೆ ಬಿಚ್ಚುವುದು ಎಷ್ಟು ಸುಲಭ, ಬಿಚ್ಚಿದ ಮೇಲೆ ಕೈಕಾಲು ನೆಟ್ಟಗಿಟ್ಟುಕೊಂಡು ಮತ್ತೆ ಮುಚ್ಚಲು ಏನೇನು ಮಾಡಬೇಕು ಎಂಬುದನ್ನು ಎರಡು ಸಲ ಬಿಚ್ಚಿ ಮುಚ್ಚಿದ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಾನು ಇದನ್ನು ಕೊಂಡದ್ದು 2018ರಲ್ಲಿ, ಕ್ಯಾಲಿಫೋರ್ನಿಯಾದ ಕೂಪರ್ಟಿನೋದಲ್ಲಿ. ಅಲ್ಲಿನ ಡಿ ಆನ್ಜಾ ಕಾಲೇಜಿನ ವಾಹನ ನಿಲ್ಲಿಸುವ ಜಾಗದಲ್ಲಿ ಆಗ ತಿಂಗಳಿಗೊಂದು ಶನಿವಾರ ಎಲೆಕ್ಟ್ರಾನಿಕ್ಸ್ ಸಂತೆ ಸೇರುತ್ತಿತ್ತು. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಬಂದವರಿಗೆ ಒಳ್ಳೆಯ ಮಾಲು, ಕಾಫಿ ಕುಡಿದು ನಿಧಾನವಾಗಿ ಬಂದವರಿಗೆ ಉಳಿದ ಕೇಬಲ್ಲು. ಅಂದು ನಾನು ಕಾಫಿ ಕುಡಿಯದೆ ಹೋಗಿದ್ದೆ. ಮಾರಿದ ಹಿರಿಯರು, "ಅಕ್ಷರ ತಪ್ಪು ತೋರಿಸುತ್ತದೆ, ಹೇಳಲಿಲ್ಲ ಎನ್ನಬೇಡಿ" ಎಂದು ಮೊದಲೇ ಹೇಳಿಯೇ ಹಣ ಎಣಿಸಿಕೊಂಡರು. ಎಷ್ಟು ಎಣಿಸಿಕೊಂಡರೆಂದು ಇಲ್ಲಿ ಬರೆಯುವುದಿಲ್ಲ. ಇದನ್ನು ನಮ್ಮ ಮನೆಯವರೂ ಓದುತ್ತಾರೆ.

ಇದು ಏನು ಎಂದು ತಿಳಿಯದವರಿಗೆ ಒಂದು ಮಾತು. ಟರ್ಮಿನಲ್ ಎಂದರೆ ಕಂಪ್ಯೂಟರ್ ಅಲ್ಲ. ಇನ್ನೆಲ್ಲೋ ಕೂತಿರುವ ದೊಡ್ಡ ಕಂಪ್ಯೂಟರಿಗೆ 'ಸೀರಿಯಲ್' ಎಂಬ ಒಂದು ತಂತಿಯ ಮೂಲಕ ನಾವು ಒತ್ತಿದ ಅಕ್ಷರವನ್ನು ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ಪರದೆಯ ಮೇಲೆ ತೋರಿಸುತ್ತದೆ. ಅನಹೈಮ್ ಊರಿನಲ್ಲಿ ಲಿಯರ್ ಸೀಗ್ಲರ್ ಕಂಪನಿ ಇದನ್ನು 1976ರಲ್ಲಿ ತಂದಾಗ ಜಾಹೀರಾತಿನಲ್ಲೇ 'ದಡ್ಡ ಟರ್ಮಿನಲ್' ಎಂದು ಕರೆದುಕೊಂಡಿತು. ಬೆಲೆ ಸಾವಿರ ಡಾಲರಿನ ಆಸುಪಾಸು. ಆ ಕಾಲಕ್ಕೆ ಅದು ಅಗ್ಗ. ಬಿಡಿಭಾಗಗಳ ಕಿಟ್ಟನ್ನೂ ಮಾರುತ್ತಿದ್ದರು, ಕೊಂಡವರು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಿತ್ತು. ಒಳಗೆ ಮೈಕ್ರೊಪ್ರೊಸೆಸರ್ ಕೂಡ ಇಲ್ಲ; ಸಣ್ಣ ಸಣ್ಣ ಚಿಪ್‌ಗಳ ಒಂದು ದೊಡ್ಡ ಹಲಗೆ, ಅಷ್ಟೇ.

ಹಾಗಾದರೆ ನನಗೆ ಇದರ ಹುಚ್ಚು ಏಕೆ? ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್, ಪ್ರೋಗ್ರಾಂ ಬರೆಯುವವರು ಪಠ್ಯ ತಿದ್ದಲು ಬಳಸುವ 'ವಿಐ' ಎಡಿಟರ್ ಬರೆದದ್ದು ಈ ಜಾತಿಯ ಟರ್ಮಿನಲ್ಲಿನ ಮುಂದೆ ಕೂತು. ಇದರಲ್ಲಿ ಬಾಣದ ಕೀಲಿಗಳು ಬೇರೆಯಾಗಿ ಇಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ನಾಲ್ಕು ಬಾಣ ಅಚ್ಚಾಗಿವೆ; ವಿಐನಲ್ಲಿ ಕರ್ಸರ್ ಸರಿಸುವುದೂ ಅವೇ ನಾಲ್ಕರಿಂದ. ಇಪ್ಪತ್ತು ವರ್ಷದಿಂದ ದಿನಾ ಆ ನಾಲ್ಕು ಅಕ್ಷರ ಒತ್ತಿ ಹೊಟ್ಟೆ ಹೊರೆಯುತ್ತಿರುವ ನಾನು, ಆ ಬಾಣಗಳನ್ನು ಮೊದಲ ಸಲ ಕಣ್ಣಾರೆ ಕಂಡಾಗ ಕುಲದೇವರ ಮೂಲಸ್ಥಾನಕ್ಕೆ ಬಂದಂತೆ ನಿಂತುಬಿಟ್ಟೆ. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಬಳಕೆದಾರರ 'ಹೋಮ್' ಫೋಲ್ಡರಿಗೆ ಅಲೆಯಂಥ (~) ಗುರುತು ಬಂದದ್ದೂ ಇಲ್ಲಿಂದಲೇ: 'ಹೋಮ್' ಎಂಬ ಹೆಸರೂ ಆ ಅಲೆಯೂ ಒಂದೇ ಕೀಲಿಯ ಮೇಲಿವೆ.

ಇನ್ನು ಕಾಯಿಲೆ. ಎ ಒತ್ತಿದರೆ ಸಿ ಬರುತ್ತಿತ್ತು. ಡಿ ಒತ್ತಿದರೆ ಎಫ್, ಇ ಒತ್ತಿದರೆ ಜಿ. ಬಿ ಮಾತ್ರ ಬಿಯೇ. ಇಂಗ್ಲಿಷ್ ಅಕ್ಷರಗಳಲ್ಲಿ 'ಕನ್ನಡ' ಎಂದು ಹೊಡೆದರೆ ಮೂರು ಎಗಳೂ ಸಿ ಆಗಿ, ಡಿ ಎಫ್ ಆಗಿ, ಓದಲು ಯಾವುದೋ ಔಷಧಿಯ ಹೆಸರಿನಂತೆ ಕಾಣುತ್ತಿತ್ತು. ಅದೂ ಕೆಲವು ಸಾಲುಗಳಲ್ಲಿ ಮಾತ್ರ, ಉಳಿದ ಸಾಲುಗಳಲ್ಲಿ ಎಲ್ಲ ಸರಿ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಸೊನ್ನೆ-ಒಂದುಗಳ (ಇವೇ ಬಿಟ್‌ಗಳು) ಒಂದು ಸಂಕೇತ ಇರುತ್ತದೆ; ಅವನ್ನು ಕಾಗದದ ಮೇಲೆ ಬರೆದುಕೊಂಡು ನೋಡಿದರೆ ಗುಟ್ಟು ಬಯಲಾಯಿತು: ಬಲದಿಂದ ಎರಡನೆಯ ಬಿಟ್ ಸದಾ ಒಂದಾಗಿಯೇ ನಿಂತುಬಿಟ್ಟಿದೆ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಅದರ ನೆನಪಿನ ಚಿಪ್ ಒಂದೊಂದರಲ್ಲಿ 1024 ಬಿಟ್. ಅಂದರೆ ಪ್ರತಿ ಬಿಟ್ಟಿಗೂ ಎರಡು ಚಿಪ್ ಬೇಕು, ಅವುಗಳಲ್ಲಿ ಒಂದು ಸತ್ತಿದೆ, ಅದಕ್ಕೇ ಅರ್ಧ ಪರದೆಗೆ ಮಾತ್ರ ರೋಗ. ಇಷ್ಟು ಪತ್ತೆಯಾದದ್ದು ಕವಚ ಮುಟ್ಟದೆಯೇ. ಬಿಚ್ಚುವ ಮೊದಲು ಹೀಗೆ ಹೊರಗಿನಿಂದ ಎಷ್ಟು ಸಾಧ್ಯವೋ ಅಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ಒಳಗೆ ಕೈ ಇಟ್ಟುಕೊಂಡು ಯೋಚಿಸುತ್ತ ಕೂರುವ ಹೊತ್ತು ಕಡಿಮೆಯಾಗುತ್ತದೆ.

ಸಂವಹನದ ವೇಗ ಮುಂತಾದವನ್ನು ಬದಲಿಸುವ ಪುಟ್ಟ ಸ್ವಿಚ್‌ಗಳು ಮುಂದಿನ ಹೆಸರಿನ ಫಲಕದ ಅಡಿಯಲ್ಲಿವೆ, ಅವಕ್ಕಾಗಿ ಕವಚ ಬಿಚ್ಚಬೇಕಾಗಿಲ್ಲ. ಇದು ಗೊತ್ತಿಲ್ಲದೆ ಸುಮ್ಮನೆ ಹೊಟ್ಟೆ ಸೀಳಬೇಡಿ.

ಬಿಚ್ಚುವ ಕ್ರಮ ನಾಚಿಕೆಯಾಗುವಷ್ಟು ಸರಳ. ಕೀಲಿಮಣೆಯ ಕೆಳಗೆ, ತಳದ ಮುಂಭಾಗದಲ್ಲಿ ಎರಡು ಸ್ಕ್ರೂ. ಅವನ್ನು ತೆಗೆದರೆ ಮೇಲಿನ ಅರ್ಧ ಹಿಂದಿನ ಕೀಲುಗಳ ಮೇಲೆ ಹಳೆಯ ಟ್ರಂಕಿನ ಮುಚ್ಚಳದಂತೆ ಮೇಲೇಳುತ್ತದೆ. ಉಗುರು ಮುರಿಯುವ ಪ್ಲಾಸ್ಟಿಕ್ ಕೊಕ್ಕೆಗಳಿಲ್ಲ, ಸ್ಟಿಕರಿನ ಅಡಿ ಅಡಗಿಸಿದ ಮೂರನೆಯ ಸ್ಕ್ರೂ ಇಲ್ಲ, 'ಬಿಚ್ಚಿದರೆ ವಾರಂಟಿ ಹೋಯಿತು' ಎಂಬ ಬೆದರಿಕೆ ಇಲ್ಲ. ಕಳೆದ ವರ್ಷ ನನ್ನ ಮೊಬೈಲಿನ ಬ್ಯಾಟರಿ ಬದಲಿಸಲು ಹೇರ್ ಡ್ರೈಯರ್ ಹಿಡಿದು ಅರ್ಧ ಗಂಟೆ ಅಂಟು ಕರಗಿಸಿದ್ದು ನೆನಪಾಗಿ ಸಿಟ್ಟೇ ಬಂತು. ಮನೆಯಲ್ಲಿ ಕೂತು ಜೋಡಿಸುವವರಿಗೂ ಮಾರಿದ ಸಾಮಾನು ಇದು, ಬಿಚ್ಚುವವರನ್ನು ಕಳ್ಳರಂತೆ ನೋಡಿಲ್ಲ.

ಆದರೆ ಈ ಸರಾಗವೇ ಇದರ ಅಪಾಯ ಕೂಡ. ಪಿಕ್ಚರ್ ಟ್ಯೂಬ್ ಇರುವುದು ಮೇಲಿನ ಅರ್ಧದಲ್ಲಿ. ಮುಚ್ಚಳ ಎತ್ತಿದಾಗ ಅದೂ ಜೊತೆಗೇ ಏಳುತ್ತದೆ. ಕೆಳಗಿನ ಹಲಗೆಯ ಮೇಲಿರುವ ಬಡಪಾಯಿ ಚಿಪ್ ಒಂದನ್ನು ಹುಡುಕುತ್ತ ತಲೆ ಬಗ್ಗಿಸಿದರೆ, ಕಿವಿಯ ಪಕ್ಕದಲ್ಲೇ ಗಾಜಿನ ಬುರುಡೆ. ಅದರ ಮೇಲೆ ರಬ್ಬರ್ ಟೊಪ್ಪಿಯ ಕೆಳಗೆ ಇ.ಎಚ್.ಟಿ., ಅಂದರೆ ಟ್ಯೂಬ್ ಬೆಳಗಲು ಬೇಕಾದ ಅತಿ ಹೆಚ್ಚಿನ ವೋಲ್ಟೇಜ್. ಇಂಥ 12 ಇಂಚಿನ ಒಂದೇ ಬಣ್ಣದ ಟ್ಯೂಬಿನಲ್ಲಿ ಅದು ಸುಮಾರು 12,000 ವೋಲ್ಟ್. ಪ್ಲಗ್ ಕಿತ್ತರೂ ಅದು ಕೂಡಲೇ ಹೋಗುವುದಿಲ್ಲ. ಟ್ಯೂಬಿನ ಗಾಜಿನ ಒಳಗೊಂದು, ಹೊರಗೊಂದು ವಾಹಕ ಲೇಪ ಇರುವುದರಿಂದ ಟ್ಯೂಬೇ ಒಂದು ಕೆಪಾಸಿಟರ್ ಆಗಿ ಚಾರ್ಜನ್ನು ಹಿಡಿದುಕೊಂಡಿರುತ್ತದೆ.

ನನಗೆ ಸಾಫ್ಟ್‌ವೇರ್ ಗೊತ್ತು, ಶಾಕ್ ಗೊತ್ತಿಲ್ಲ. ಹಾಗಾಗಿ ಸ್ಕ್ರೂ ಮುಟ್ಟುವ ಮೊದಲು ದಾವಣಗೆರೆಗೆ ವಿಡಿಯೊ ಕರೆ ಮಾಡಿದೆ. ನನ್ನ ಸೋದರಮಾವ ಅಲ್ಲಿ 1980ರ ದಶಕದಿಂದ ಟೀವಿ ರಿಪೇರಿ ಮಾಡಿದವರು. ಬೆಂಗಳೂರಿನ ಬಿಇಎಲ್ ಕಪ್ಪುಬಿಳುಪು ಪಿಕ್ಚರ್ ಟ್ಯೂಬ್ ತಯಾರಿಸುತ್ತಿದ್ದ ಕಾಲದವರು. ನಮ್ಮಲ್ಲಿ ಶನಿವಾರ ಸಂಜೆ ಏಳು, ಅವರಲ್ಲಿ ಭಾನುವಾರ ಬೆಳಗ್ಗೆ ಏಳೂವರೆ. ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಫೋನಿನೊಳಗೆ ಇಣುಕಿದರು.

"ಪ್ಲಗ್ ಕಿತ್ತೆಯಾ ತಾಯಿ?"

"ಕಿತ್ತಿದ್ದೇನೆ ಮಾವ."

"ಸ್ವಿಚ್ ಆರಿಸಿದೆಯಾ ಎಂದು ಕೇಳಲಿಲ್ಲ. ಪ್ಲಗ್ಗಿನ ತುದಿ ತೋರಿಸು."

ತೋರಿಸಿದೆ. ಅದನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆಯೇ ಇಡಿಸಿದರು. ಹಿಂದಿನ ಮೋಡೆಮ್ ಕೇಬಲ್ಲನ್ನೂ ತೆಗೆಸಿದರು. ಮುಂದಿನ ಅಪ್ಪಣೆ: "ಬಳೆ ತೆಗೆ. ಉಂಗುರ ತೆಗೆ. ಕರಿಮಣಿ ಸರ ಜೋತಾಡುತ್ತಿದೆ, ಅದನ್ನೂ ತೆಗೆದಿಡು." ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಭಾನುವಾರ ಬೆಳಗ್ಗೆ ಎದ್ದು ಹೆಣ್ಣುಮಗಳಿಗೆ ಹೇಳುವ ಮಾತಾ ಇದು!" ಎರಡು ನಿಮಿಷ ಅಲ್ಲೇ ವಾದ ನಡೆದು, ಬಳೆ ಉಂಗುರ ತೆಗೆಯುವುದು, ಸರವನ್ನು ಅಂಗಿಯೊಳಗೆ ಸೇರಿಸಿ ಮೇಲೆ ಗುಂಡಿ ಹಾಕಿಕೊಳ್ಳುವುದು ಎಂದು ರಾಜಿಯಾಯಿತು. ಚಿಪ್ ಮುಟ್ಟುವಾಗ ಸ್ಥಾಯಿ ವಿದ್ಯುತ್ ತಾಗದಿರಲೆಂದು ಮಣಿಕಟ್ಟಿಗೆ ಕಟ್ಟುವ ಪಟ್ಟಿ ಒಂದನ್ನು ತಂದಿಟ್ಟಿದ್ದೆ. ಅದನ್ನು ಕಂಡು ಮಾವ ಹೌಹಾರಿದರು. ಅದು ನಮ್ಮ ಮೈಯನ್ನೇ ಅರ್ತ್‌ಗೆ ಸೇರಿಸುವ ಸಾಧನ, ಇ.ಎಚ್.ಟಿ. ಹತ್ತಿರ ಅದಕ್ಕಿಂತ ಕೆಟ್ಟ ಆಭರಣ ಇಲ್ಲ. ಚಾರ್ಜ್ ಇಳಿಸಿ ಆದ ಮೇಲೆ, ಚಿಪ್ ಮುಟ್ಟುವ ಹೊತ್ತಿಗೆ ಮಾತ್ರ ಕಟ್ಟಿಕೊಳ್ಳಬೇಕು. ಇದೊಂದು ನನಗೆ ತಾನಾಗಿ ಹೊಳೆಯುತ್ತಿರಲಿಲ್ಲ.

ಟರ್ಮಿನಲ್ಲನ್ನು ಮೇಜಿನ ಅಂಚಿನಿಂದ ಸಾಕಷ್ಟು ಒಳಗೆ ಇಟ್ಟು, ಸ್ಕ್ರೂ ಬಿಚ್ಚುವ ಹೊತ್ತಿಗಷ್ಟೇ ಮುಂಭಾಗವನ್ನು ಸ್ವಲ್ಪ ಹೊರಗೆ ಎಳೆದುಕೊಂಡೆ. ಟ್ಯೂಬಿನ ಭಾರವೆಲ್ಲ ಮೇಲಿನ ಅರ್ಧದಲ್ಲಿ ಇರುವುದರಿಂದ ಮುಚ್ಚಳ ಪೂರ್ತಿ ತೆರೆದಾಗ ಇಡೀ ಪೆಟ್ಟಿಗೆ ಹಿಂದಕ್ಕೆ ವಾಲುತ್ತದೆ. ಹಿಂದೆ ಗೋಡೆ ಇರಲಿ, ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು ಸೋಫಾ ದಿಂಬು ಇರಲಿ. ಮುಚ್ಚಳವನ್ನು ಮೊದಲು ನಾಲ್ಕು ಬೆರಳು ಮಾತ್ರ ಎತ್ತಿ, ಟಾರ್ಚ್ ಹಾಕಿ, ಮೇಲಿನ ಅರ್ಧಕ್ಕೂ ಕೆಳಗಿನ ಹಲಗೆಗೂ ನಡುವಿನ ತಂತಿಗಳು ಎಲ್ಲಾದರೂ ಸಿಕ್ಕಿಕೊಂಡಿವೆಯೇ ನೋಡಿ. ನನ್ನದರಲ್ಲಿ ಹಿಂದೆ ಯಾರೋ ಬಿಚ್ಚಿದವರು ತಂತಿಯ ಕಟ್ಟನ್ನು ಟೇಪಿನಿಂದ ಬಿಗಿದಿದ್ದರು. ಸುಮ್ಮನೆ ಎತ್ತಿದ್ದರೆ ಕನೆಕ್ಟರ್ ಕಿತ್ತು ಬರುತ್ತಿತ್ತು. ಟೇಪು ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು.

ಚಾರ್ಜ್ ಇಳಿಸುವ ವಿಷಯದಲ್ಲಿ ಮಾವನಿಗೂ ನನಗೂ ಅಭಿಪ್ರಾಯಭೇದ. ನನ್ನ ವಾದ: ನಾನು ಮುಟ್ಟುವುದು ಕೆಳಗಿನ ಹಲಗೆಯನ್ನು, ಟ್ಯೂಬನ್ನಲ್ಲ. ಅದರ ಗೊಡವೆಗೆ ಹೋಗದಿದ್ದರೆ ಆಯಿತಲ್ಲ? ಹಾಗೆ ಹೇಳುವ ಅನುಭವಿಗಳೂ ಇದ್ದಾರೆ. ಮಾವ ಒಪ್ಪಲಿಲ್ಲ. "ಶಾಕ್ ಹೊಡೆದು ಸಾಯುತ್ತೀಯೆಂದಲ್ಲ. ಹೊಡೆದಾಗ ಕೈ ಎಳೆದುಕೊಳ್ಳುತ್ತೀಯಲ್ಲ, ಆ ರಭಸಕ್ಕೆ ಮೊಣಕೈ ಎಲ್ಲಿಗೆ ಬಡಿಯುತ್ತದೆ ನೋಡಿಕೋ" ಎಂದರು. ನೋಡಿದೆ. ನೇರವಾಗಿ ಟ್ಯೂಬಿನ ಕತ್ತಿಗೆ. ಟ್ಯೂಬಿನ ಒಳಗೆ ನಿರ್ವಾತ. ಅದರ ಕತ್ತಿನ ಗಾಜು ಬೆರಳಿನಷ್ಟು ಸಪೂರ, ಅತಿ ನಾಜೂಕು. ಅದು ಮುರಿದರೆ ಟರ್ಮಿನಲ್ಲಿನ ಕಥೆ ಅಲ್ಲಿಗೆ ಮುಗಿಯಿತು, ಗಾಜಿನ ಚೂರು ಹಾರಿದರೆ ಕಣ್ಣಿನದೂ. ಕನ್ನಡಕ ಹಾಕಿಕೊಂಡೆ.

ಸಾಧನ ಮನೆಯಲ್ಲೇ ಮಾಡಿದ್ದು. ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್, ದಪ್ಪ ಪ್ಲಾಸ್ಟಿಕ್ ಹಿಡಿಯದು. ಅದರ ಲೋಹಕ್ಕೆ ಒಂದು ತಂತಿ, ನಡುವೆ ಹೈವೋಲ್ಟೇಜ್ ರೆಸಿಸ್ಟರ್, ಇನ್ನೊಂದು ತುದಿಗೆ ಕ್ಲಿಪ್. ನಮ್ಮ ಮನೆಗಳಲ್ಲಿ ಕರೆಂಟ್ ನೋಡುವ ಟೆಸ್ಟರ್ ಇದಕ್ಕೆ ಖಂಡಿತ ಸಲ್ಲದು, ಅದರೊಳಗಿನ ಪುಟ್ಟ ದೀಪ ಈ ವೋಲ್ಟೇಜಿಗೆ ಮಾಡಿದ್ದಲ್ಲ. ರೆಸಿಸ್ಟರ್ ನನ್ನ ಸೇರ್ಪಡೆ, ಟ್ರಾನ್ಸಿಸ್ಟರುಗಳಿಗೆ ಆಘಾತ ಕಡಿಮೆಯಾಗಲೆಂದು. ಮಾವ ತಮ್ಮ ಕಾಲದಲ್ಲಿ ಬರೀ ತಂತಿಯಲ್ಲೇ ಮುಗಿಸುತ್ತಿದ್ದರಂತೆ. ಇದಕ್ಕಿಂತ ಮೊದಲು ಆನ್‌ಲೈನ್‌ನಲ್ಲಿ ಒಂದು 'ಸುರಕ್ಷಿತ' ಸ್ಕ್ರೂಡ್ರೈವರ್ ತರಿಸಿದ್ದೆ. ಅದರ ಹೊರಕವಚ ಎರಡು ಬೆರಳಲ್ಲಿ ತಿರುಚಿದರೆ ಕಾಲ್ಚೀಲದಂತೆ ಜಾರುತ್ತಿತ್ತು. ಅದೀಗ ಬಣ್ಣದ ಡಬ್ಬಿ ತೆರೆಯಲು ಇದೆ.

ಕ್ಲಿಪ್ ಎಲ್ಲಿಗೆ ಹಾಕಬೇಕೆಂಬುದು ಮುಖ್ಯ. ಸಿಕ್ಕ ಲೋಹಕ್ಕೆ ಅಲ್ಲ, ಕೆಳಗಿನ ಚಿಪ್ ಹಲಗೆಯ ಅರ್ತ್‌ಗಂತೂ ಅಲ್ಲವೇ ಅಲ್ಲ. ಟ್ಯೂಬಿನ ಹಿಂಭಾಗದ ಕಪ್ಪು ಲೇಪಕ್ಕೆ ಒತ್ತಿಕೊಂಡು ಹೆಣೆದ ಬರಿ ತಂತಿಯೊಂದು ಹಾದುಹೋಗುತ್ತದೆ, ಅದಕ್ಕೆ. ನಂತರ ಎಡಗೈ ಬೆನ್ನ ಹಿಂದೆ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಗಾಜಿಗೆ ಒರಗಿಸಿಕೊಂಡೇ ಮೆಲ್ಲಗೆ ರಬ್ಬರ್ ಟೊಪ್ಪಿಯ ಅಂಚಿನ ಕೆಳಗೆ ತೂರಿಸಿದೆ. ಮಧ್ಯದ ಲೋಹದ ಕೊಕ್ಕೆ ತುದಿಗೆ ತಾಕಿದ್ದು ಕೈಗೆ ಗೊತ್ತಾಯಿತು.

ಏನೂ ಆಗಲಿಲ್ಲ. ಸದ್ದಿಲ್ಲ, ಕಿಡಿಯಿಲ್ಲ. ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, "ಇಷ್ಟೇನಾ?" ಎಂದು ಟೀ ಇಡಲು ಹೋದರು. ಎರಡು ದಿನದಿಂದ ಪ್ಲಗ್ ಕಿತ್ತೇ ಇಟ್ಟಿದ್ದೆ, ಚಾರ್ಜ್ ತಾನಾಗಿ ಸೋರಿಹೋಗಿತ್ತು. ಐದು ನಿಮಿಷ ಬಿಟ್ಟು ಮಾವ ಇನ್ನೊಮ್ಮೆ ಮಾಡಿಸಿದರು; ಒಮ್ಮೆ ಇಳಿಸಿದ ಮೇಲೂ ಗಾಜಿನಲ್ಲಿ ಉಳಿದ ಚಾರ್ಜ್ ಮತ್ತೆ ಸ್ವಲ್ಪ ತಲೆಯೆತ್ತುತ್ತದಂತೆ. ಆಗಲೂ ಮೌನ.

ಉಳಿದದ್ದು ಸುಲಭ. ಹಲಗೆ ಅಚ್ಚುಕಟ್ಟು, ಕೈಗೆ ಎಟುಕುವಂತಿದೆ. ವಿದ್ಯುತ್ ಸರಬರಾಜು ಹಳೆಯ ಮಾದರಿಯದು: ದಪ್ಪ ಟ್ರಾನ್ಸ್‌ಫಾರ್ಮರ್ ಮೊದಲು ವೋಲ್ಟೇಜ್ ಇಳಿಸಿ ಕೊಡುತ್ತದೆ. ಎಸ್‌ಎಂಪಿಎಸ್ ಎನ್ನುವ ಈಚಿನ ಮಾದರಿಯ ಸರಬರಾಜುಗಳಲ್ಲಿ ಗೋಡೆಯಿಂದ ಬರುವ ಕರೆಂಟ್ ನೇರವಾಗಿ ಡಿಸಿ ಆಗಿ, ನಮ್ಮೂರಿನ 230 ವೋಲ್ಟಿನಲ್ಲಾದರೆ 325 ವೋಲ್ಟಿನಷ್ಟು ದೊಡ್ಡ ಕೆಪಾಸಿಟರಿನಲ್ಲಿ ಕಾದು ಕೂತಿರುತ್ತದಲ್ಲ, ಆ ಕಂಟಕ ಇಲ್ಲಿಲ್ಲ. ಬೇರೆ ಟರ್ಮಿನಲ್ ಬಿಚ್ಚುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೆನಪಿನ ಚಿಪ್‌ಗಳು ನನ್ನ ಹಲಗೆಯಲ್ಲಿ ಸಾಕೆಟ್ಟಿನಲ್ಲಿ ಕೂತಿದ್ದವು. ನಕ್ಷೆ ಬಿಟ್‌ಸೇವರ್ಸ್ ಎಂಬ, ಹಳೆಯ ಕಂಪ್ಯೂಟರ್ ದಾಖಲೆಗಳ ಅಂತರಜಾಲ ಸಂಗ್ರಹದಲ್ಲಿ ಸಿಗುವ ಕೈಪಿಡಿಯಲ್ಲಿದೆ. ನಾನು ಅದನ್ನು ತಲೆಕೆಳಗಾಗಿ ಓದಿ, ಪಕ್ಕದ ಚಿಪ್ ಬದಲಿಸಿ, ಮುಚ್ಚಿ, ಪ್ಲಗ್ ಹಾಕಿ, ಹತ್ತು ನಿಮಿಷ ಓಡಿಸಿದೆ. ಎ ಒತ್ತಿದರೆ ಮತ್ತೆ ಸಿ. ಸಿಟ್ಟಿನಿಂದ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, ಸೀದಾ ಕೈ ಹಾಕಲು ಹೊರಟೆ. ಮೊದಲ ಸಲ ಏನೂ ಆಗಿರಲಿಲ್ಲವಲ್ಲ.

"ಕೈ ತೆಗೆ!"

ಫೋನ್ ಕರೆ ಇನ್ನೂ ಕಡಿದಿಲ್ಲವೆಂಬುದೇ ಮರೆತಿತ್ತು. ಮಾವ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಅರ್ಧ ಬೋಳಿಸಿದ ಗಡ್ಡದಲ್ಲೇ ನೋಡುತ್ತಿದ್ದರು. ಮತ್ತೆ ಕ್ಲಿಪ್, ಮತ್ತೆ ಎಡಗೈ ಬೆನ್ನ ಹಿಂದೆ, ಮತ್ತೆ ಟೊಪ್ಪಿಯ ಅಂಚು. ಈ ಸಲ ತುದಿ ಕೊಕ್ಕೆಗೆ ತಾಕುವ ಮೊದಲೇ 'ಚಟ್' ಎಂದಿತು. ರಬ್ಬರಿನ ಅಡಿಯಲ್ಲಿ ಸೂಜಿಯಷ್ಟು ನೀಲಿ ಕಿಡಿ, ಮಳೆ ಬಂದು ನಿಂತಾಗಿನಂಥ ಒಂದು ವಾಸನೆ. ಗಂಡನ ಕೈಯ ಟೀ ತಟ್ಟೆಗೆ ಚೆಲ್ಲಿತು. ಆಫ್ ಮಾಡಿ ಎರಡು ನಿಮಿಷ ಕೂಡ ಆಗಿರಲಿಲ್ಲ.

ಸರಿಯಾದ ಚಿಪ್ ಸಿಕ್ಕಿದ್ದು ಆಮೇಲೆ. ಬದಲಿಸಿದೆ, ತಂತಿ ಒಳಗೆ ಸರಿಸಿದೆ, ಮುಚ್ಚಳ ಇಳಿಸುವಾಗ ಕ್ಲಿಪ್ ಒಳಗೇ ಉಳಿದಿಲ್ಲವೆಂದು ಮಾವನಿಗೆ ತೋರಿಸಿ ಮುಚ್ಚಿದೆ.

ಇನ್ನು ಅಂಕ. ಬಿಚ್ಚುವ ಸರಾಗಕ್ಕೆ ಐದಕ್ಕೆ ಐದು. ಒಳಗಿನ ಜೋಡಣೆಗೆ ನಾಲ್ಕೂವರೆ. ತೆರೆದ ಮುಚ್ಚಳ ನಿಲ್ಲುವ ಭಂಗಿಗೆ ಮೂರು ಕೊಟ್ಟರೆ ಹೆಚ್ಚು, ಅದೂ ದಿಂಬುಗಳ ಸಹಾಯಕ್ಕೆ. ಚಿಪ್ ಬದಲಿಸುವಷ್ಟರವರೆಗೆ ಇದು ಮನೆಯಲ್ಲಿ ಮಾಡುವ ಕೆಲಸವೇ, ಜೊತೆಗೆ ಇನ್ನೊಬ್ಬರು ಇದ್ದರೆ. ಮುಚ್ಚಳ ತೆರೆದಿಟ್ಟು ವಿದ್ಯುತ್ ಹಾಯಿಸಿ ಅಳತೆ ಮಾಡುವ ಕೆಲಸವನ್ನು, ಚಿತ್ರ ಕುಗ್ಗಿದೆ ಅಥವಾ ಪರದೆಯೇ ಹೊತ್ತುತ್ತಿಲ್ಲ ಎಂಬಂಥ ರಿಪೇರಿಯನ್ನು ನಾನಂತೂ ಮಾಡುವುದಿಲ್ಲ. ಟ್ಯೂಬ್ ಕಾಲದ ಟೀವಿ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ ಅವರಿಗೇ ಕೊಡುತ್ತೇನೆ. ಕೀಲಿಮಣೆಗೆ ಅಂಕ ಕೊಡುವುದಿಲ್ಲ, ಅದರಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ.

ಆ ರಾತ್ರಿ ಪ್ಲಗ್ ಹಾಕಿ 'ಕನ್ನಡ' ಎಂದು ಹೊಡೆದಾಗ ಎಲ್ಲ ಸಾಲಿನಲ್ಲೂ ಕನ್ನಡವೇ ಬಂತು. ಫೋನನ್ನು ಪರದೆಯ ಕಡೆ ತಿರುಗಿಸಿದೆ. ಅಷ್ಟು ಹೊತ್ತಿಗೆ ಅತ್ತೆಯೂ ಬಂದು ಮಾವನ ಪಕ್ಕ ಕೂತಿದ್ದರು. ಹಸಿರು ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಸೀರಿಯಲ್ ಬರುವುದಿಲ್ಲವೇ?" ಎಂದು ಕೇಳಿದರು.

"ಅದೊಂದೇ ಬರುವುದು ಅತ್ತೆ" ಎಂದೆ. "ಹಿಂದುಗಡೆ ಅದಕ್ಕೇ ಕನೆಕ್ಟರ್ ಇದೆ."